ಹೊಸ ಪಾಯಿಂಟ್ 22 ಕೋವಿ ‘ಟಿಕ್’ ಅನ್ನತ್ತೆ, ಗುಂಡು ಹಾರಲ್ಲ

ಓದುಗರ ಪ್ರಶ್ನೆ: ಕೋವಿ, ತೋಟೆ, ನಿಗಾ

ಪ್ರಶ್ನೆ: ನಮಸ್ಕಾರ, ನಾನು ಪೊನ್ನಂಪೇಟೆ ಹತ್ರದವನು. ಹೋದ ತಿಂಗಳು ಹೊಸ ಪಾಯಿಂಟ್ 22 ಬೋಲ್ಟ್ ಆಕ್ಷನ್ (ಹಿಂದಿನ ಹಿಡಿ ಎಳೆದು ತೋಟೆ ತುಂಬೋ) ರೈಫಲ್ ತಗೊಂಡೆ, ದಾಖಲೆ ಎಲ್ಲಾ ಸರಿ ಇದೆ. ಮನೇಲಿ ಇಷ್ಟು ವರ್ಷ ಇದ್ದದ್ದು ಅಪ್ಪನ 12 ಬೋರ್ ಬಂದೂಕು ಮಾತ್ರ, ಅದು ಒಂದು ದಿನಾನೂ ಕೈ ಕೊಟ್ಟಿಲ್ಲ. ಈ ಹೊಸದು ಹತ್ತು ಹೊಡೆದ್ರೆ ಮೂರೋ ನಾಲ್ಕೋ ‘ಟಿಕ್’ ಅಂದು ಸುಮ್ನಾಗತ್ತೆ. ಅದೇ ತೋಟೇನ ತೆಗೆದು ಮತ್ತೆ ಹಾಕಿದ್ರೆ ಕೆಲವು ಹಾರತ್ತೆ, ಕೆಲವು ಏನ್ ಮಾಡಿದ್ರೂ ಇಲ್ಲ. ಅಂಗಡಿಯವರು ತೋಟೆ ಸರಿ ಇಲ್ಲ, ಬೇರೆ ಬಾಕ್ಸ್ ತಗೊಳ್ಳಿ ಅಂತಾರೆ. ನಮ್ ಭಾವ ಸ್ಪ್ರಿಂಗ್ ವೀಕ್ ಇದೆ, ಬಿಚ್ಚಿ ಹಿಂದುಗಡೆ ಒಂದು ವಾಶರ್ ಕೊಡೋಣ ಅಂತಾನೆ. ಕೈಲ್‌ಪೊಳ್ದ್‌ಗೆ (ನಮ್ ಕೊಡಗಿನ ಆಯುಧ ಪೂಜೆ ಹಬ್ಬ) ಇನ್ನು ಮೂರು ವಾರ, ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ ಹೆಸರು ಬೇರೆ ಕೊಟ್ಟಾಗಿದೆ. ಏನ್ ಮಾಡ್ಲಿ?

ಉತ್ತರ: ವಾಶರ್ ಹಾಕ್ಬೇಡಿ. ಯಾಕೆ ಅಂತ ಕೊನೇಲಿ ಹೇಳ್ತೀನಿ, ಅದಕ್ಕಿಂತ ಮುಂಚೆ ನಿಮ್ ಪತ್ರದಲ್ಲಿ ನನಗೆ ಭಯ ಆಗಿದ್ದು ಬೇರೆ ಸಾಲು. ‘ಅದೇ ತೋಟೇನ ತೆಗೆದು ಮತ್ತೆ ಹಾಕಿದ್ರೆ’ ಅಂದ್ರಲ್ಲ, ಟಿಕ್ ಅಂದ್ಮೇಲೆ ಎಷ್ಟು ಹೊತ್ತು ಬಿಟ್ಟು ಬೋಲ್ಟ್ ತೆಗೀತೀರಿ? ಸ್ಪರ್ಧೆ ಜಾಗದಲ್ಲಿ ನಾನು ನೋಡಿರೋ ಹಾಗೆ ಹುಡುಗರು ಟಿಕ್ ಅಂದ ಕೂಡ್ಲೇ ಬೋಲ್ಟ್ ಎಳೆದು ಕೋವೀನ ತಿರುಗಿಸಿ ಮುಖದ ಹತ್ರ ತಂದು ಒಳಗೆ ಇಣುಕ್ತಾರೆ. ಹಾಗೆ ಮಾಡ್ಲೇಬಾರದು. ಒಳಗಿನ ಮದ್ದು ಒಂದೊಂದ್ಸಲ ತಡವಾಗಿ ಹತ್ತತ್ತೆ, ಆಗ ಬೋಲ್ಟ್ ತೆರೆದಿದ್ರೆ ತೋಟೆಯ ಹಿತ್ತಾಳೆ ಕೇಸ್ (ಹೊರಕವಚ) ಒಡೆದು ಚೂರು ಕಣ್ಣಿಗೇ ಬರತ್ತೆ. ಟಿಕ್ ಅಂದ್ರೆ ನಳಿಗೆಯ ಬಾಯಿ ಗುರಿ ಕಡೆಗೇ ಇರ್ಲಿ, ಟ್ರಿಗರ್ ಇಂದ ಬೆರಳು ತೆಗೀರಿ, ಮನಸ್ಸಲ್ಲೇ ನಿಧಾನಕ್ಕೆ ಮೂವತ್ತು ಎಣಿಸಿ, ಆಮೇಲೆ ಮುಖ ಪಕ್ಕಕ್ಕೆ ಇಟ್ಟು ಬೋಲ್ಟ್ ತೆಗೀರಿ. ಪಕ್ಕದಲ್ಲಿ ನಿಂತವರು ಅವಸರ ಮಾಡಿದ್ರೂ ಮೂವತ್ತು ಎಣಿಸ್ಲೇಬೇಕು.

ಈಗ ವಿಷಯಕ್ಕೆ ಬರೋಣ. ಅಪ್ಪನ 12 ಬೋರ್ ಜೊತೆ ಇದನ್ನ ಹೋಲಿಸ್ಬೇಡಿ, ಎರಡರ ಒಳಗಿನ ಕೆಲಸಾನೇ ಬೇರೆ. 12 ಬೋರ್ ತೋಟೆಯ ಹಿಂಬದಿ ನಡುವೆ ಒಂದು ಕ್ಯಾಪ್ ಇರತ್ತಲ್ಲ, ಪಿನ್ ಬಂದು ಅದಕ್ಕೆ ಹೊಡೆಯತ್ತೆ, ಕ್ಯಾಪ್ ಬೇರೆ, ಕೇಸ್ ಬೇರೆ. ಪಾಯಿಂಟ್ 22ಕ್ಕೆ ಕ್ಯಾಪ್ ಅನ್ನೋದೇ ಇಲ್ಲ. ಹಿಂದುಗಡೆ ಸುತ್ತ ಒಂದು ಅಂಚು ಇದೆ ನೋಡಿ, ಹೆಚ್ಚು ಅಂದ್ರೆ 1 ಮಿಲಿಮೀಟರ್ ಚಿಲ್ಲರೆ ದಪ್ಪ, ಅದು ಒಳಗೆ ಟೊಳ್ಳು. ಫ್ಯಾಕ್ಟರೀಲಿ ಒಂದು ಚೂರು ಹಸಿ ಮದ್ದನ್ನ ಕೇಸ್ ಒಳಗೆ ಹಾಕಿ ಗಿರಗಿರ ತಿರುಗಿಸ್ತಾರೆ, ಆ ಮದ್ದು ಹೋಗಿ ಅಂಚಿನ ಒಳಗಡೆ ಸುತ್ತಲೂ ಕೂತ್ಕೊಂಡು ಒಣಗತ್ತೆ. ಕೋವಿಯ ಪಿನ್ ಹೊರಗಿಂದ ಆ ಅಂಚನ್ನ ಚೇಂಬರ್ (ನಳಿಗೆಯಲ್ಲಿ ತೋಟೆ ಕೂರೋ ಜಾಗ) ಬಾಯಿಗೆ ಒತ್ತಿ ಜಜ್ಜತ್ತೆ, ಮದ್ದು ಹತ್ತತ್ತೆ. ಅಂದ್ರೆ ಮೂರು ವಿಷಯ ಒಟ್ಟಿಗೆ ಸರಿ ಇರ್ಬೇಕು: ಪಿನ್ ಜೋರಾಗಿ ಬರ್ಬೇಕು, ಅಂಚು ಚೇಂಬರಿಗೆ ಸರಿಯಾಗಿ ಒರಗಿ ಕೂತಿರ್ಬೇಕು, ಪಿನ್ ಬಿದ್ದ ಜಾಗದಲ್ಲೇ ಮದ್ದು ಇರ್ಬೇಕು. ನಿಮ್ ಕೋವೀಲಿ ಇದರಲ್ಲಿ ಯಾವುದು ತಪ್ಪಿದೆ ಅಂತ ಊಹೆ ಮಾಡೋ ಅಗತ್ಯಾನೇ ಇಲ್ಲ, ಹಾರದೇ ಉಳಿದ ತೋಟೇನೇ ಹೇಳತ್ತೆ.

ಹೀಗ್ ಮಾಡಿ. ಒಂದು ಹತ್ತು ಹೊಡೀರಿ. ಹಾರಿದ ಖಾಲಿ ಕೇಸ್ ಎಲ್ಲಾ ಒಂದು ಕಡೆ, ಹಾರದೇ ಇದ್ದದ್ದು ಇನ್ನೊಂದು ಕಡೆ ಇಡಿ, ಕಲಸ್ಬೇಡಿ. ಮನೆಗೆ ಬಂದು ಕಿಟಕಿ ಬೆಳಕಲ್ಲಿ ಭೂತಗನ್ನಡಿ ಹಿಡಿದು ಅಂಚು ನೋಡಿ. ಪಿನ್ ಬಿದ್ದ ಗುರುತು ಕಾಣತ್ತೆ, ಸಣ್ಣ ಉಳಿಯಲ್ಲಿ ಒತ್ತಿದ ಹಾಗೆ. ಒಳ್ಳೆ ಏಟು ಆಗಿದ್ರೆ ಅಂಚು ಆ ಜಾಗದಲ್ಲಿ ಚಪ್ಪಟೆಯಾಗಿ ಒಳಗೆ ಹೋಗಿರತ್ತೆ, ಉಗುರು ಆಡಿಸಿದ್ರೆ ಉಗುರು ಸಿಕ್ಕತ್ತೆ. ವೀಕ್ ಏಟು ಆಗಿದ್ರೆ ಹೊಳೆಯೋ ಒಂದು ಗೀರು, ಅಷ್ಟೇ, ಉಗುರಿಗೆ ಏನೂ ಸಿಗಲ್ಲ. ಹಾರಿದ್ದು ಹಾರದ್ದು ಎರಡರಲ್ಲೂ ಗುರುತು ಆಳವಾಗಿ ಒಂದೇ ಥರ ಇದ್ರೆ ಕೋವಿ ಅದರ ಕೆಲಸ ಮಾಡಿದೆ, ದೋಷ ತೋಟೇದು. ಎರಡರಲ್ಲೂ ತೆಳ್ಳಗಿದ್ರೆ ಕೋವೀದು, ಹಾರಿದ್ದು ಅದೃಷ್ಟದಲ್ಲಿ ಹಾರಿದೆ. ಒಂದು ಆಳ, ಒಂದು ತೆಳ್ಳಗೆ ಅಂತ ಹೆಚ್ಚುಕಮ್ಮಿ ಇದ್ರೆ, ನಿಮ್ಮದು ಹಾಗೇ ಇರತ್ತೆ ಅಂತ ನನ್ ಅಂದಾಜು, ಆಗ ಪಿನ್ ದಾರೀಲಿ ಏನೋ ಅಡ್ಡ ಇದೆ ಅಥವಾ ತೋಟೆ ಪೂರ್ತಿ ಒಳಗೆ ಹೋಗ್ತಿಲ್ಲ. ಗುರುತೇ ಇಲ್ಲ ಅಂದ್ರೆ ಪಿನ್ ಮುರಿದಿದೆ, ಇಲ್ಲಾ ಬಿಚ್ಚಿ ಕೂರಿಸಿದಾಗ ಏನೋ ತಪ್ಪಾಗಿದೆ, ಮುಂದೆ ಹೊಡೆಯೋಕೆ ಹೋಗ್ಬೇಡಿ.

ಇನ್ನೊಂದು ಪರೀಕ್ಷೆ ಇದೆ. ಹಾರದ ತೋಟೇನ ಒಂದೇ ಒಂದ್ಸಲ ಮತ್ತೆ ಹಾಕಿ, ಆದ್ರೆ ಹಳೆ ಗುರುತು ಎಲ್ಲಿತ್ತೋ ಅದರ ಎದುರು ಬದಿಗೆ ಪಿನ್ ಬೀಳೋ ಹಾಗೆ ಅರ್ಧ ಸುತ್ತು ತಿರುಗಿಸಿ ಹಾಕಿ. ಮೊದಲನೇ ಗುರುತು ಆಳವಾಗಿದ್ದೂ ಹಾರದೆ, ತಿರುಗಿಸಿದ ಮೇಲೆ ಹಾರಿದ್ರೆ ಅಂಚಿನಲ್ಲಿ ಆ ಭಾಗಕ್ಕೆ ಮದ್ದು ಕೂತಿರ್ಲಿಲ್ಲ ಅಂತ ಅರ್ಥ, ಕಡಿಮೆ ಬೆಲೆ ತೋಟೇಲಿ ಇದು ಇದ್ದದ್ದೇ. ಎರಡು ಬೇರೆ ಬೇರೆ ಕಂಪನಿ ತೋಟೆ ಹತ್ತತ್ತು ಹೊಡೆದು ನೋಡಿ, ಒಂದ್ರಲ್ಲಿ ಮಾತ್ರ ತೊಂದ್ರೆ ಬಂದ್ರೆ ಅಲ್ಲಿಗೆ ಮುಗೀತು. ಎರಡನೇ ಸಲಾನೂ ಹಾರದೇ ಇದ್ರೆ ಮೂರನೇ ಸಲ ಪ್ರಯತ್ನ ಬೇಡ, ಪಕ್ಕಕ್ಕಿಡಿ.

ನನ್ ಅನುಭವ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ ಪತ್ರ ಓದ್ತಾ ಅದೇ ನೆನಪಾಯ್ತು. ನಾನು ಮೊದಲ ಪಾಯಿಂಟ್ 22 ತಗೊಂಡಾಗ ಇದೇ ಕಥೆ, ಹತ್ತಕ್ಕೆ ಮೂರು ಟಿಕ್. ಮಾರಿದವರ ಹತ್ರ ಹೋದಾಗೆಲ್ಲ ತೋಟೆ, ತೋಟೆ ಅಂತಾನೇ ಹೇಳಿದ್ರು, ಅವರ ಮಾತು ನಂಬಿ ಮೂರು ಬಾಕ್ಸ್ ಬದಲಾಯಿಸ್ದೆ. ಕೊನೆಗೆ ವಿರಾಜಪೇಟೆ ಕಡೆಯ ಒಬ್ಬ ಹಿರಿಯ ಕೋವಿ ರಿಪೇರಿಯವರು ಬೋಲ್ಟ್ ಕೈಗೆ ತಗೊಂಡು, ಬಿಚ್ಚಿ, ಪಿನ್ ಹೊರಗೆ ಎಳೆದು ನನ್ ಅಂಗೈ ಮೇಲೆ ಇಟ್ರು. ಜೇನುಮೇಣದ ಬಣ್ಣದ ಗ್ರೀಸ್, ಪಿನ್ ಉದ್ದಕ್ಕೂ, ಸ್ಪ್ರಿಂಗ್ ಸುತ್ತು ಸುತ್ತಿಗೂ ತುಂಬ್ಕೊಂಡು ಹಲ್ವಾ ಥರ ಗಟ್ಟಿಯಾಗಿತ್ತು. ಫ್ಯಾಕ್ಟರೀಲಿ ತುಕ್ಕು ಹಿಡೀಬಾರದು ಅಂತ ಬಳಿದದ್ದು ಅದು, ಗೋಡೌನಲ್ಲಿ ಇರೋವರೆಗೆ ಒಳ್ಳೇದೇ, ಆದ್ರೆ ಅದರೊಳಗೆ ಪಿನ್ ಓಡ್ಬೇಕಂದ್ರೆ ಕೆಸರುಗದ್ದೇಲಿ ಓಡಿದ ಹಾಗೆ. ನಾನು ಹೊರಗಡೆ ಎಲ್ಲಾ ಬಟ್ಟೇಲಿ ಉಜ್ಜಿ ಹೊಳೆಯೋ ಹಾಗೆ ಇಟ್ಟಿದ್ದೆ, ಒಳಗೆ ನೋಡೇ ಇರ್ಲಿಲ್ಲ. ಅದನ್ನ ತೊಳೆದು ಒಣಗಿಸಿ ಹಾಕಿದ ಮೇಲೆ ಅದೇ ‘ಕೆಟ್ಟ’ ತೋಟೆ ಬಾಕ್ಸಲ್ಲಿ ಐವತ್ತಕ್ಕೆ ಒಂದು ನಿಂತದ್ದು ಬಿಟ್ರೆ ಎಲ್ಲಾ ಹಾರ್ತು. ಅದಕ್ಕೇ ಹೇಳೋದು, ಹೊಸ ಕೋವಿ ಅಂದ್ರೆ ಕ್ಲೀನ್ ಆಗಿರೋ ಕೋವಿ ಅಂತ ಅಲ್ಲ. ಅದ್ರಲ್ಲೂ ನಮ್ ಕೊಡಗಿನ ಆಗಸ್ಟ್ ತಿಂಗಳ ಥಂಡಿಗೆ ಗ್ರೀಸ್ ಇನ್ನೂ ಬಿಗಿಯಾಗತ್ತೆ.

ಹಾಗಾಗಿ ನೀವು ಮೊದ್ಲು ಮಾಡ್ಬೇಕಾದ್ದು ಇದು. ಮ್ಯಾಗಜಿನ್ ತೆಗೆದು, ಬೋಲ್ಟ್ ತೆರೆದು, ಚೇಂಬರ್ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ, ತೋಟೆ ಬಾಕ್ಸ್ ಬೇರೆ ರೂಮಿಗೆ ಕಳಿಸಿ, ಆಮೇಲೆ ಬೋಲ್ಟ್ ಹೊರಗೆ ತೆಗೀರಿ. ಕೋವಿ ಜೊತೆ ಬಂದ ಪುಸ್ತಕದಲ್ಲಿ ಬೋಲ್ಟ್ ಎಷ್ಟು ದೂರ ಬಿಚ್ಚಬಹುದು ಅಂತ ಚಿತ್ರ ಇರತ್ತೆ, ಅಷ್ಟೇ ಬಿಚ್ಚಿ, ಅದಕ್ಕಿಂತ ಒಂದು ಪಿನ್ ಕೂಡ ಜಾಸ್ತಿ ಬೇಡ. ಬಿಚ್ಚೋಕೆ ಬರಲ್ಲ ಅಂದ್ರೆ ನಾಚಿಕೆ ಏನಿಲ್ಲ, ಲೈಸೆನ್ಸ್ ಇರೋ ರಿಪೇರಿಯವರ ಹತ್ರ ಹೋಗಿ, ಅರ್ಧ ಗಂಟೆ ಕೆಲಸ. ಕೋವಿ ಸಾಲ್ವೆಂಟ್ ಹಾಕಿ ಪಿನ್ನು, ಸ್ಪ್ರಿಂಗು, ಪಿನ್ ಓಡೋ ಕೊಳವೆ ಎಲ್ಲಾ ತೊಳೀರಿ, ಹಳೆ ಟೂತ್ ಬ್ರಷ್ ಸಾಕು. ಪೆಟ್ರೋಲ್ ಬೇಡ, ಮನೆಯೊಳಗೆ ಒಲೆ ಹತ್ರ ಕೂತು ಆ ಕೆಲಸ ಮಾಡಿ ಸುಟ್ಕೊಂಡವರಿದ್ದಾರೆ. ಆಮೇಲೆ ಪೂರ್ತಿ ಒಣಗಿಸಿ. ಪಿನ್‌ಗೆ ಎಣ್ಣೆ ಹೊಡೀಬೇಕು ಅನ್ನೋ ಆಸೆ ಎಲ್ಲರಿಗೂ ಬರತ್ತೆ, ಬಟ್ಟೆ ತುದೀಲಿ ಒಂದು ತೊಟ್ಟು ಸವರಿ ಅದನ್ನೂ ಒರೆಸಿಬಿಡಿ, ಸಾಕು.

ಚೇಂಬರ್ ಬಾಯಿ ಕೂಡ ಹಾಗೇ. ಪಾಯಿಂಟ್ 22ರ ಸೀಸದ ಗುಂಡಿಗೆ ಮೇಣ ಸವರಿರತ್ತೆ, ಹೊಡೀತಾ ಹೊಡೀತಾ ಮೇಣ, ಮಸಿ ಎರಡೂ ಸೇರಿ ಚೇಂಬರ್ ಒಳಗೆ ಉಂಗುರದ ಹಾಗೆ ಕಟ್ಕೊಳ್ಳತ್ತೆ, ಹೊಸದರಲ್ಲಿ ಅದರ ಜೊತೆ ಫ್ಯಾಕ್ಟರಿ ಗ್ರೀಸೂ ಇರತ್ತೆ. ತೋಟೆ ಪೂರ್ತಿ ಒಳಗೆ ಕೂರದೇ ಕೂದಲೆಳೆಯಷ್ಟು ಹೊರಗೆ ನಿಂತ್ರೆ ಪಿನ್ನಿನ ಏಟು ತೋಟೇನ ಒಳಗೆ ತಳ್ಳೋಕೇ ಖರ್ಚಾಗೋಗತ್ತೆ, ಜಜ್ಜೋಕೆ ಬಲ ಉಳಿಯಲ್ಲ. ಎರಡನೇ ಸಲ ಹೊಡೆದಾಗ ಹಾರೋದು ಅದಕ್ಕೇ, ಮೊದಲ ಏಟಿಗೆ ತೋಟೆ ಕೂತಿದೆ, ಎರಡನೇದು ಸರಿಯಾಗಿ ಬಿದ್ದಿದೆ. ಬೋಲ್ಟ್ ಹಿಡಿ ಪೂರ್ತಿ ಕೆಳಗೆ ಬರೋವರೆಗೆ ಒತ್ತಿದ್ದೀರಾ ಅಂತಾನೂ ಗಮನಿಸಿ, ಹೊಸ ಬೋಲ್ಟ್ ಬಿಗಿ ಇರತ್ತೆ, ಬೆರಳಗಲ ಮೇಲೇ ನಿಂತ್ಬಿಡತ್ತೆ, ಗುರಿ ನೋಡೋ ಅವಸರದಲ್ಲಿ ಗೊತ್ತೇ ಆಗಲ್ಲ.

ಈಗ ಒಂದು ಪ್ರಶ್ನೆ ನಾನು ಕೇಳ್ತೀನಿ. ಹೊಸ ಕೋವಿ ಮನೆಗೆ ಬಂದ ದಿನ ಬಂದವರೆಲ್ಲ ಕೈಗೆ ತಗೊಂಡು ಖಾಲಿ ಟ್ರಿಗರ್ ಎಳೆದು ನೋಡಿದ್ರಾ? ನಮ್ಮಲ್ಲಿ ಅದು ಆಗೇ ಆಗತ್ತೆ, ಚಿಕ್ಕಪ್ಪ ಬಂದ್ರು ಟಿಕ್, ಪಕ್ಕದ ಮನೆಯವರು ಬಂದ್ರು ಟಿಕ್, ಪ್ರೀತಿಗೇ ಮಾಡೋದು. ಆದ್ರೆ ತುಂಬಾ ಪಾಯಿಂಟ್ 22 ಕೋವಿಗಳಲ್ಲಿ ಖಾಲಿ ಎಳೆದ್ರೆ ಪಿನ್ ನೇರ ಹೋಗಿ ಚೇಂಬರ್ ಬಾಯಿಯ ಉಕ್ಕಿಗೇ ಬಡಿಯತ್ತೆ, ಮಧ್ಯೆ ಮೆತ್ತಗಿರೋ ಹಿತ್ತಾಳೆ ಇಲ್ಲ. ಪಿನ್ ತುದಿ ಮೊಂಡಾಗತ್ತೆ, ಚೇಂಬರ್ ಅಂಚಲ್ಲಿ ತಗ್ಗು ಬೀಳತ್ತೆ. ಆ ತಗ್ಗಿನ ಮೇಲೆ ತೋಟೆಯ ಅಂಚು ಬಂದ್ರೆ ಜಜ್ಜೋಕೆ ಕೆಳಗೆ ಅಡಿಗಲ್ಲೇ ಇಲ್ಲದ ಹಾಗೆ. ಒಂದು ಇಯರ್ ಬಡ್‌ನ ಚೇಂಬರ್ ಬಾಯಿ ಸುತ್ತ ಆಡಿಸಿ, ಹತ್ತಿ ಎಳೆ ಒಂದೇ ಜಾಗದಲ್ಲಿ ಸಿಕ್ಕಾಕ್ಕೊಂಡ್ರೆ ಅಲ್ಲಿ ಏಟು ಬಿದ್ದಿದೆ. ಕೆಲವು ಮಾಡೆಲಲ್ಲಿ ಖಾಲಿ ಎಳೆದ್ರೂ ಏನಾಗಲ್ಲ ಅಂತ ಪುಸ್ತಕದಲ್ಲೇ ಬರೆದಿರತ್ತೆ, ಬರೆದಿಲ್ಲ ಅಂದ್ರೆ ಎಳೀಬಾರದು ಅಂತಾನೇ ತಿಳ್ಕೊಳ್ಳಿ. ಪ್ರಾಕ್ಟೀಸ್ ಬೇಕೇ ಬೇಕು ಅಂದ್ರೆ ಅದಕ್ಕಂತಾನೇ ಬರೋ ಡಮ್ಮಿ ತೋಟೆ ಹಾಕಿ ಮಾಡಿ.

ಇಷ್ಟೆಲ್ಲಾ ಮಾಡಿ, ತೊಳೆದು ಒಣಗಿಸಿ, ಎರಡು ಥರ ತೋಟೆ ಹಾಕಿ ನೋಡಿದ್ರೂ ಗುರುತು ತೆಳ್ಳಗೇ ಬರ್ತಿದ್ರೆ ಆಗ ಸ್ಪ್ರಿಂಗ್ ವೀಕ್ ಇರಬಹುದು, ಪಿನ್ ಗಿಡ್ಡ ಇರಬಹುದು, ಬೋಲ್ಟ್ ಮುಖಕ್ಕೂ ಚೇಂಬರಿಗೂ ನಡುವೆ ಜಾಗ ಜಾಸ್ತಿ ಇರಬಹುದು. ಅದನ್ನ ಗೇಜ್ ಹಾಕಿ ಅಳೀಬೇಕು, ಕಣ್ಣಂದಾಜಲ್ಲಿ ಆಗೋ ಕೆಲಸ ಅಲ್ಲ. ಭಾವನ ವಾಶರ್ ವಿಷಯ ಇಲ್ಲಿ ಬರತ್ತೆ: ಸ್ಪ್ರಿಂಗನ್ನ ಹಾಗೆ ಬಿಗಿ ಮಾಡಿದ್ರೆ ಪಿನ್ ಅಳತೆಗಿಂತ ಜೋರಾಗಿ ಬಂದು ಅಂಚನ್ನೇ ತೂತು ಮಾಡಬಹುದು, ಆಗ ಉರಿಯೋ ಗ್ಯಾಸ್ ಹಿಂದಕ್ಕೆ ನಿಮ್ ಮುಖದ ಕಡೆಗೆ ಬರತ್ತೆ. ಇಲ್ಲಾ ಕಾಕ್ ಆಗೋ (ಪಿನ್ ಹಿಂದಕ್ಕೆ ಹೋಗಿ ನಿಲ್ಲೋ) ಜಾಗ ಸರಿಯಾಗಿ ಹಿಡಿಯದೆ ಬೋಲ್ಟ್ ಮುಚ್ಚಿದ ಕೂಡ್ಲೇ ತಾನೇ ಹಾರಬಹುದು. ಪಿನ್ ಅರ ಹಾಕೋದು, ಲೇತ್ ಅಂಗಡೀಲಿ ಹೊಸ ಪಿನ್ ಮಾಡಿಸೋದು ಇದಕ್ಕೂ ಅದೇ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿ ಕೆಲಸಕ್ಕೇ ಪ್ರತ್ಯೇಕ ಲೈಸೆನ್ಸ್ ಬೇಕು, ನಮ್ ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋಕೆ ಇರೋ ವಿನಾಯಿತಿ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದ್ದು, ಅದು ಇಟ್ಕೊಳ್ಳೋಕೆ ಅಷ್ಟೇ, ರಿಪೇರಿ ಅಂಗಡಿ ನಡೆಸೋಕಲ್ಲ. ಹೊಸ ಕೋವಿ ಬೇರೆ, ನೀವು ಕೈ ಹಾಕಿದ ಗುರುತು ಕಂಡ್ರೆ ವಾರಂಟಿ ಕೊಡಲ್ಲ. ಹಾರದ ತೋಟೆ ಹತ್ತು, ಹಾರಿದ ಕೇಸ್ ಹತ್ತು, ಎರಡು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೋವಿ ಜೊತೆ ತಗೊಂಡೋಗಿ ಮಾರಿದವರ ಮುಂದೆ ಇಡಿ, ಭೂತಗನ್ನಡೀನೂ ಕೊಡಿ. ಗುರುತು ನೋಡಿದ ಮೇಲೆ ತೋಟೆ ಕೆಟ್ಟದ್ದು ಅಂತ ಹೇಳೋಕೆ ಅವರಿಗೆ ಆಗಲ್ಲ.

ಮೂರು ವಾರ ಸಾಕು. ಗ್ರೀಸೇ ಆಗಿದ್ರೆ ಒಂದು ಸಂಜೆ ಕೆಲಸ. ಆಗದೇ ಇದ್ರೆ ಈ ವರ್ಷ ಅಪ್ಪನ 12 ಬೋರ್‌ನಲ್ಲಿ ನಿಂತ್ಕೊಳ್ಳಿ, ತುಂಬಾ ಕಡೆ ಅದಕ್ಕೂ ಬೇರೆ ವಿಭಾಗ ಇಟ್ಟಿರ್ತಾರೆ. ಪೂಜೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಇಡೋಕೆ ಹೊಸದೂ ಇರ್ಲಿ, ಆದ್ರೆ ನಂಬಿಕೆ ಬರದ ಕೋವೀನ ಅಷ್ಟು ಜನರ ಮಧ್ಯೆ ಹಿಡ್ಕೊಂಡು ನಿಲ್ಬೇಡಿ.

ಪ್ರಶ್ನೆ: ಸೋಮವಾರಪೇಟೆಯಿಂದ ಬರೀತಿದ್ದೀನಿ. ಅಟ್ಟದ ಮೇಲೆ ಅಜ್ಜನ ಕಾಲದ ಎರಡು ಬಾಕ್ಸ್ ಪಾಯಿಂಟ್ 22 ತೋಟೆ ಸಿಕ್ತು, ಕೆಲವಕ್ಕೆ ಹಸಿರು ಹಿಡಿದಿದೆ. ಬಿಸಿಲಲ್ಲಿ ಒಣಗಿಸಿದ್ರೆ ಹಾರತ್ತಾ? ಒಲೆ ಹತ್ರ ಇಟ್ರೆ?

ಉತ್ತರ: ಒಲೆ ಹತ್ರ ಖಂಡಿತ ಬೇಡ, ಬಿಸಿಲಿಗೂ ಇಡ್ಬೇಡಿ. ತೇವ ಹೋಗಿ ಕೂತಿರೋದು ಅಂಚಿನ ಒಳಗೆ, ಅದು ಒಮ್ಮೆ ಕೆಟ್ರೆ ಒಣಗಿಸಿದ್ರೆ ಮೊದಲಿನ ಹಾಗೆ ಆಗಲ್ಲ, ಅರ್ಧಂಬರ್ಧ ಹತ್ತತ್ತೆ, ಅದು ಹತ್ತದೇ ಇರೋದಕ್ಕಿಂತ ಅಪಾಯ. ಹಸಿರು ಹಿಡಿದ ಹಿತ್ತಾಳೆ ಬಿರುಕು ಬಿಡೋದೂ ಉಂಟು. ನೀರಿಗೆ ಎಸೆಯೋದು, ಕಾಫಿ ಗಿಡದ ಬುಡದಲ್ಲಿ ಹೂಳೋದು, ಕಸದ ಜೊತೆ ಬೆಂಕಿಗೆ ಹಾಕೋದು ಯಾವುದೂ ಬೇಡ, ಕೆಲಸಕ್ಕೆ ಬರೋವರ ಮಕ್ಕಳ ಕೈಗೆ ಸಿಗತ್ತೆ. ಲೆಕ್ಕ ಬರೆದು ತೋಟೆ ಮಾರೋ ಲೈಸೆನ್ಸ್‌ದಾರರ ಹತ್ರ ಅಥವಾ ಠಾಣೇಲಿ ಕೇಳಿ ಒಪ್ಪಿಸಿಬಿಡಿ. ಅಜ್ಜನ ನೆನಪಿಗೆ ಖಾಲಿ ರಟ್ಟಿನ ಬಾಕ್ಸ್ ಇಟ್ಕೊಳ್ಳಿ.

ಪ್ರಶ್ನೆ: ವಿರಾಜಪೇಟೆ ಓದುಗ. ಮೊನ್ನೆ ಹೊಡೀವಾಗ ‘ಢಂ’ ಅನ್ನೋ ಬದ್ಲು ‘ತುಸ್’ ಅಂತ ಬಂತು, ಗುರೀಲಿ ತೂತಿಲ್ಲ. ಮುಂದಿನದು ಹೊಡೀಬಹುದಾ?

ಉತ್ತರ: ಹೊಡೀಬೇಡಿ, ಹೊಡೀಬೇಡಿ. ಇದನ್ನ ಓದೋ ಎಲ್ಲರೂ ಇದೊಂದು ನೆನಪಿಟ್ಕೊಳ್ಳಿ. ಟಿಕ್ ಅಂದ್ರೆ ತೋಟೆ ಹತ್ತಿಲ್ಲ, ತುಸ್ ಅಂದ್ರೆ ಹತ್ತಿದೆ ಆದ್ರೆ ಬಲ ಸಾಲದೇ ಗುಂಡು ನಳಿಗೆ ಮಧ್ಯದಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದ್ರೆ ನಳಿಗೆ ಉಬ್ಬತ್ತೆ, ಇಲ್ಲಾ ಸೀಳತ್ತೆ. ಮೂವತ್ತು ಎಣಿಸಿ, ಬೋಲ್ಟ್ ಹೊರಗೆ ತೆಗೆದು, ಚೇಂಬರ್ ಖಾಲಿ ಮಾಡಿ, ಹಿಂದಿನಿಂದ ನಳಿಗೆ ಮೂಲಕ ಆಕಾಶ ನೋಡಿ. ಬೆಳಕು ದುಂಡಗೆ ಕಂಡ್ರೆ ಸರಿ, ಕತ್ತಲೆ ಕಂಡ್ರೆ ಹಾಗೇ ರಿಪೇರಿಯವರ ಹತ್ರ ತಗೊಂಡೋಗಿ. ಕಬ್ಬಿಣದ ಸರಳು ಹಾಕಿ ಬಡಿದು ತೆಗೆಯೋಕೆ ಹೋದ್ರೆ ಒಳಗಿನ ಸುರುಳಿ ಗೆರೆ ಹಾಳಾಗತ್ತೆ, ಆಮೇಲೆ ಆ ಕೋವಿ ಗುರಿಗೆ ಬರಲ್ಲ.

ಪ್ರಶ್ನೆ: ಭಾಗಮಂಡಲ ಕಡೆ ಮಳೆಗಾಲದಲ್ಲಿ ಗೋಡೇನೂ ಬೆವರತ್ತೆ. ಕೋವಿಗೆ ಎಷ್ಟು ಎಣ್ಣೆ ಹಾಕ್ಬೇಕು, ತೋಟೆಗೂ ಸ್ವಲ್ಪ ಸವರಿಡ್ಬಹುದಾ?

ಉತ್ತರ: ತೋಟೆಗೆ ಎಣ್ಣೆ ಸೋಕಿಸ್ಲೇಬೇಡಿ. ಸ್ಪ್ರೇ ಡಬ್ಬೀಲಿ ಬರೋ ತೆಳ್ಳನೆ ಎಣ್ಣೆ ಅಂತೂ ಗುಂಡು, ಕೇಸ್ ಸೇರೋ ಜಾಗದಿಂದ ನಿಧಾನಕ್ಕೆ ಒಳಗೆ ಇಳಿದು ಮದ್ದನ್ನ ಕೊಲ್ಲತ್ತೆ, ಎಣ್ಣೆ ಕೈಯಲ್ಲಿ ತೋಟೆ ತುಂಬಿಸೋದೂ ಒಳ್ಳೇದಲ್ಲ. ತೋಟೇನ ಬಿಗಿ ಮುಚ್ಚಳದ ಡಬ್ಬೀಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕೋವಿ ಇಟ್ಟ ಜಾಗದಿಂದ ಬೇರೆ ಕಡೆ ಬೀಗ ಹಾಕಿಡಿ. ಕೋವಿಗೆ ಹೊರಗಡೆ ಉಕ್ಕಿನ ಮೇಲೆ ತೆಳ್ಳಗೆ ಎಣ್ಣೆ ಒರೆಸಿ, ನಳಿಗೆ ಒಳಗೆ ಎಣ್ಣೆ ಬಟ್ಟೆ ಒಂದ್ಸಲ ಆಡಿಸಿ, ಆದ್ರೆ ಹೊಡೆಯೋ ಮುಂಚೆ ಒಣ ಬಟ್ಟೇಲಿ ನಳಿಗೆ ಒರೆಸ್ಬೇಕು. ಚರ್ಮದ ಕವರಲ್ಲಿ ಮಳೆಗಾಲ ಪೂರ್ತಿ ಇಡ್ತಾರಲ್ಲ, ತುಕ್ಕು ಹಿಡಿಯೋದೇ ಅಲ್ಲಿ, ಚರ್ಮ ನೀರು ಕುಡಿದು ಹಿಡ್ಕೊಂಡಿರತ್ತೆ. ನಮ್ಮನೇಲಿ ಕೋವಿ ಇರೋ ಬೀರು ಒಳಗೆ ರಾತ್ರಿ ಹೊತ್ತು ಒಂದು ಗಂಟೆ ಕಾಲ ಬಾಗಿಲು ತೆರೆದು ಫ್ಯಾನ್ ಬಿಡ್ತೀವಿ, ಹದಿನೈದು ದಿನಕ್ಕೊಮ್ಮೆ ತೆಗೆದು ಬಟ್ಟೇಲಿ ಒರೆಸ್ತೀವಿ. ಮುಟ್ಟಿದ ಬೆರಳ ಗುರುತಿನ ಮೇಲೇ ಮೊದಲು ತುಕ್ಕು ಬರೋದು, ಅದಕ್ಕೆ ಒಳಗಿಡೋ ಮುಂಚೆ ಕೊನೇ ಸಲ ಒರೆಸೋದು ಬೋಲ್ಟ್ ಹಿಡಿ ಮತ್ತೆ ಟ್ರಿಗರ್ ಗಾರ್ಡ್, ಅದನ್ನ ಮಾತ್ರ ಮರೀಬೇಡಿ.